ಮೂರನೇ ಶಿಫ್ಟಿನ ತಾರೀಕು

ನಮ್ಮ ಮನೆಯ ಅಟ್ಟದ ಮೇಲೆ ಒಂದು ತಗಡಿನ ಬಿಸ್ಕತ್ತು ಡಬ್ಬಿ ಇದೆ. ಮುಚ್ಚಳದ ಮೇಲೆ ಒಂದು ಕಾಲಕ್ಕೆ ಗುಲಾಬಿ ಹೂವಿನ ಚಿತ್ರವಿತ್ತು, ಈಗ ಎರಡು ಎಲೆ ಮಾತ್ರ ಉಳಿದಿವೆ. ಮೊನ್ನೆ ಹಬ್ಬಕ್ಕೆ ಧೂಳು ಹೊಡೆಯುವಾಗ ನನ್ನ ಹೆಂಡತಿ ಶಾರದ ಅದನ್ನು ಕೆಳಗಿಳಿಸಿ, "ರೀ, ಇದರಾಗಿರೋ ಕಸ ಬಿಸಾಕಿ ಡಬ್ಬಿ ಕೊಡಿ, ಅವರೆಕಾಳು ತುಂಬಿಡ್ತೀನಿ" ಅಂದಳು. ಅವಳು ಕಸ ಅಂದದ್ದು ರದ್ದಾದ, ತಪ್ಪಿಹೋದ ರೈಲು ಟಿಕೆಟ್ಟುಗಳ ಚೀಟಿಗಳನ್ನು. ಹನ್ನೊಂದು ಇದ್ದವು. ಎಲ್ಲವೂ ಬಂಗಾರಪೇಟೆಯಿಂದ ಚೆನ್ನೈಗೆ, ಇಲ್ಲವೇ ಚೆನ್ನೈಯಿಂದ ಬಂಗಾರಪೇಟೆಗೆ. ಒಂದರಲ್ಲೂ ನಾವು ಪ್ರಯಾಣ ಮಾಡಿದವರಲ್ಲ.

ಬಿಸಾಕಲು ಕೈ ಬರಲಿಲ್ಲ. ಅವರೆಕಾಳಿಗೆ ಬೇರೆ ಡಬ್ಬಿ ತಂದುಕೊಡುತ್ತೇನೆ ಅಂದೆ. ಶಾರದ ನನ್ನ ಮುಖ ನೋಡಿ, ಡಬ್ಬಿಯನ್ನು ಬಟ್ಟೆಯಿಂದ ಒರೆಸಿ ಮತ್ತೆ ಮೇಲಿಟ್ಟಳು. ನಿಮ್ಮ ಮನೆಯಲ್ಲೂ ಇಂಥದ್ದೊಂದು ಕಸ ಇದ್ದೇ ಇರುತ್ತದೆ, ಆದ್ದರಿಂದ ನಿಮಗೆ ಹೇಳಬಹುದು ಅನ್ನಿಸಿತು.

ಆ ಡಬ್ಬಿ ಮೊದಲು ಟಿಕೆಟ್ಟಿನದಾಗಿರಲಿಲ್ಲ, ಕಜ್ಜಾಯದ್ದು. ಅದರ ಕತೆ ಹೇಳಬೇಕಾದರೆ ನಮ್ಮ ಮನೆಯ ಗಡಿಯಾರದ ಬಗ್ಗೆ ಹೇಳಬೇಕು.

ನನ್ನ ಅಪ್ಪ ನಮ್ಮೂರಿನ ಚಿನ್ನದ ಗಣಿ ಮೈಸೂರು ಮೈನ್ಸಿನಲ್ಲಿ ಬಂಡೆ ಕೊರೆಯುವ ಡ್ರಿಲ್ಲರ್ ಆಗಿದ್ದರು. ಗಣಿಯಲ್ಲಿ ಮೂರು ಶಿಫ್ಟು. ಮೂರನೆಯದು ರಾತ್ರಿ ಹತ್ತಕ್ಕೆ ಶುರುವಾಗಿ ಬೆಳಗ್ಗೆ ಆರಕ್ಕೆ ಮುಗಿಯುತ್ತಿತ್ತು. ಎರಡು ದಿನಕ್ಕೆ ಚಾಚಿಕೊಂಡ ಆ ಶಿಫ್ಟಿಗೆ ಹಾಜರಿ ಪುಸ್ತಕದಲ್ಲಿ, ಅಂದರೆ ಮಸ್ಟರಿನಲ್ಲಿ, ಮಾತ್ರ ಒಂದೇ ತಾರೀಕು, ಕೆಳಗಿಳಿದ ದಿನದ್ದು. ನಡುರಾತ್ರಿ ಹನ್ನೆರಡಕ್ಕೆ ಭೂಮಿಯ ಮೇಲೆ ತಾರೀಕು ಬದಲಾಗುತ್ತದೆ, ಗಣಿಯೊಳಗೆ ಬದಲಾಗುವುದಿಲ್ಲ. ಗಣಿಯವರು ಕಟ್ಟಿಸಿದ ನಮ್ಮ ಸಾಲುಮನೆಗಳ ಲೈನಿನಲ್ಲೆಲ್ಲ ದಿನ ಹುಟ್ಟುತ್ತಿದ್ದುದು ಬೆಳಗಿನ ಸಂಗಿಗೆ. ಗಣಿಯ ಸೈರನ್ನನ್ನು ನಮ್ಮ ಕಡೆ ಸಂಗು ಅನ್ನುತ್ತಾರೆ. ಅದು ಊದುವ ತನಕ ನಿನ್ನೆಯೇ ನಡೆಯುತ್ತಿರುತ್ತಿತ್ತು.

ನಾನು ಹುಟ್ಟಿದ್ದು ರಾತ್ರಿ ಮೂರು ಗಂಟೆಗೆ. ಆಸ್ಪತ್ರೆಯ ಚೀಟಿಯಲ್ಲಿ ಒಂದು ತಾರೀಕು, ಅಪ್ಪನ ಬಾಯಲ್ಲಿ ಅದರ ಹಿಂದಿನದು. ಹೀಗಾಗಿ ಇವತ್ತಿಗೂ ಅಮ್ಮ ಒಂದು ದಿನ ಮುಂಚೆ ಪಾಯಸ ಮಾಡುತ್ತಾಳೆ, ಶಾರದ ಮಾರನೇ ದಿನ ಕೇಕು ತರುತ್ತಾಳೆ. ನನಗೇನೂ ತಕರಾರಿಲ್ಲ. ಅಪ್ಪನಿಗೆ ಮೂರನೇ ಶಿಫ್ಟು ಬಂದ ವಾರ ಅವರು ಹಗಲೆಲ್ಲ ಮಲಗಿರುತ್ತಿದ್ದರು, ಒಂದೇ ಕೋಣೆಯ ಮನೆ, ನಾನೂ ನನ್ನ ತಂಗಿಯೂ ಜಗಳವನ್ನು ಬರೀ ಕಣ್ಣಲ್ಲೇ ಆಡಿ ಮುಗಿಸುತ್ತಿದ್ದೆವು. ಈಗಲೂ ಹಗಲು ಹೊತ್ತು ಯಾರಾದರೂ ಜೋರಾಗಿ ಬಾಗಿಲು ಹಾಕಿದರೆ ನಾನು ಹೆದರಿ ಒಳಗೆ ಇಣುಕಿ ನೋಡುತ್ತೇನೆ, ಅಪ್ಪ ಎದ್ದರೇನೋ ಎಂದು. ಅವರು ಹೋಗಿ ಒಂಬತ್ತು ವರ್ಷವಾಯಿತು.

ಅಮ್ಮನಿಗೆ ಒಬ್ಬಳೇ ತಂಗಿ, ರತ್ನಮ್ಮ ಚಿಕ್ಕಮ್ಮ. ಚಿಕ್ಕಪ್ಪ ಅದೇ ಊರಿನ ನಂದಿದುರ್ಗ ಎಂಬ ಇನ್ನೊಂದು ಗಣಿಯಲ್ಲಿ ಮರಗೆಲಸದವರು, ಸುರಂಗಕ್ಕೆ ಮರದ ಆಸರೆ ನಿಲ್ಲಿಸುವ ಕೆಲಸ. ಚಿಕ್ಕಮ್ಮ ವಾರಕ್ಕೆರಡು ಸಲ ನಂದಿದುರ್ಗದ ಲೈನಿನಿಂದ ನಮ್ಮ ಮನೆಗೆ ನಡೆದುಕೊಂಡು ಬರುತ್ತಿದ್ದಳು. ಸಂತೆಯ ನೆಪ ಹೇಳಿ ನನ್ನನ್ನು ಮಾರಿಕುಪ್ಪಂ ರೈಲು ಹತ್ತಿಸಿ ಬಂಗಾರಪೇಟೆಗೆ ಕರೆದೊಯ್ಯುತ್ತಿದ್ದಳು. ಸಂತೆ ಮುಗಿಯುತ್ತಿದ್ದುದು ಹತ್ತು ನಿಮಿಷದಲ್ಲಿ. ಮಿಕ್ಕ ಹೊತ್ತೆಲ್ಲ ಪ್ಲಾಟ್‌ಫಾರಂ ಬೆಂಚಿನ ಮೇಲೆ ಕೂತು, ಕಡಲೆಕಾಯಿ ಸುಲಿಯುತ್ತ, ನಮ್ಮ ಪುಟ್ಟ ರೈಲಿನಂಥದ್ದಲ್ಲದ ದೊಡ್ಡ ದೊಡ್ಡ ರೈಲುಗಳನ್ನು ನೋಡುವುದು. "ಈ ರೈಲು ಓಗಿ ನಿಲ್ಲೋ ಕಡೆ ಸಮುದ್ರ ಐತಂತೆ ಕಣ್ಲಾ ಸೀನ" ಅನ್ನುತ್ತಿದ್ದಳು. ಸಮುದ್ರ ಎಂದರೆ ನಮ್ಮ ಬೇತಮಂಗಲದ ಕೆರೆಯ ನಾಲ್ಕರಷ್ಟು ಇರಬಹುದು ಅಂತ ನಾನು ಅಂದಾಜು ಮಾಡಿಕೊಂಡಿದ್ದೆ.

ಗಣಿಗಳೆಲ್ಲ ಮುಚ್ಚಿದವು. ಅಪ್ಪ ಬಂದಷ್ಟು ಪರಿಹಾರ ತೆಗೆದುಕೊಂಡು ಸುಮ್ಮನೆ ಕೂತರು. ಚಿಕ್ಕಪ್ಪನಿಗೆ ಅಂಡಮಾನಿನ ಪೋರ್ಟ್ ಬ್ಲೇರಿನಲ್ಲಿ ಮರದ ಮಿಲ್ಲೊಂದರಲ್ಲಿ ಕೆಲಸ ಸಿಕ್ಕಿತು. ಅಮ್ಮನಿಗೆ ಈ ಸುದ್ದಿ ಹಿಡಿಸಲಿಲ್ಲ. ಹಿಡಿಸಲಿಲ್ಲ ಎಂದರೆ ಕಡಿಮೆ ಹೇಳಿದಂತಾಯಿತು, ನಮ್ಮ ಮನೆಯ ಅಂಗಳದಲ್ಲೇ ನಿಂತು ತಂಗಿಯ ಮೇಲೆ ಕೂಗಾಡಿಬಿಟ್ಟಳು. "ಸಮುದ್ರ ದಾಟಿ ಓಗ್ತೀಯಾ? ಓಗು. ಇನ್ಮೇಲೆ ನಿನ್ನ ಮುಖ ನಾನು ನೋಡಲ್ಲ!" ಚಿಕ್ಕಮ್ಮ ಹೊರಟುಹೋದಳು. ಮನೆ ಖಾಲಿ ಮಾಡಿ ಅವರು ಮೊದಲು ಬೆಂಗಳೂರಿನಲ್ಲಿ ಚಿಕ್ಕಪ್ಪನ ಅಣ್ಣನ ಮನೆಯಲ್ಲಿ ಒಂದು ತಿಂಗಳಿದ್ದರು.

ಅಲ್ಲಿಂದ ಒಂದು ಕಾರ್ಡು ಬಂತು. ಚೆನ್ನೈಗೆ ಹೋಗುವ ರೈಲು ಇಂಥ ತಾರೀಕು ರಾತ್ರಿ ಹನ್ನೆರಡೂವರೆಗೆ ಬಂಗಾರಪೇಟೆಗೆ ಬರುತ್ತದೆ, ಎರಡು ನಿಮಿಷ ನಿಲ್ಲುತ್ತದೆ, ಬೋಗಿಯ ನಂಬರು ಇದು, ಭಾವ ಹೇಗಾದರೂ ಮಾಡಿ ಅಕ್ಕನನ್ನು ಕರೆದುಕೊಂಡು ಬರಬೇಕು. ಅಪ್ಪ ಓದಿ ಹೇಳಿದರು. ಅಮ್ಮ ಅಕ್ಕಿ ನೆನೆಹಾಕಿದಳು. ಕಜ್ಜಾಯ ಮಾಡಿ, ಈ ಗುಲಾಬಿ ಡಬ್ಬಿಗೆ ತುಂಬಿ, ಮುಚ್ಚಳಕ್ಕೆ ದಾರ ಕಟ್ಟಿದಳು. ನಾನಾಗ ಐಟಿಐ ಓದುತ್ತಿದ್ದೆ. ತಂಗಿಯನ್ನು ಪಕ್ಕದ ಮನೆಯಲ್ಲಿ ಬಿಟ್ಟು ನಾವು ಮೂವರೂ ಹೋಗಿ ನಿಂತೆವು. ರೈಲು ಬಂತು, ಆ ಬೋಗಿಯೂ ಬಂತು, ಅದರಲ್ಲಿ ಚಿಕ್ಕಮ್ಮ ಇರಲಿಲ್ಲ. ಅಪ್ಪ ಟಿಕೆಟ್ ಪರೀಕ್ಷಕರಿಗೆ ಕಾರ್ಡು ತೋರಿಸಿದರು. ಅವರು ಒಂದು ಗಳಿಗೆ ನೋಡಿ, "ಇದು ನಿನ್ನೆ ರಾತ್ರಿಯದ್ದಲ್ವಾ, ಹೋಗಿ ಆಯ್ತು" ಅಂದು ಹತ್ತಿಕೊಂಡರು.

ಅಪ್ಪ ಆ ತಾರೀಕನ್ನು ಹಾಜರಿ ಪುಸ್ತಕದ ಲೆಕ್ಕದಲ್ಲಿ ಓದಿದ್ದರು. ರೈಲಿನವರಿಗೆ ಹನ್ನೆರಡು ಹೊಡೆದ ಕೂಡಲೇ ಮರುದಿನ. ನಮಗೆ ಅದಿನ್ನೂ ಹಿಂದಿನ ದಿನದ ಮೂರನೇ ಶಿಫ್ಟು. ಸರಿಯಾಗಿ ಒಂದು ದಿನ ತಡವಾಗಿ ಹೋಗಿದ್ದೆವು. ಕಜ್ಜಾಯವನ್ನು ಒಂದು ವಾರ ತಿಂದೆವು. ಯಾರೂ ಅದರ ರುಚಿಯ ಮಾತೆತ್ತಲಿಲ್ಲ.

ಆಮೇಲೆ ಎಷ್ಟೋ ವರ್ಷ ನಾನು ಅಪ್ಪನನ್ನು ಇದೇ ವಿಷಯಕ್ಕೆ ರೇಗಿಸಿದ್ದೇನೆ. ಯಾವುದಾದರೂ ಮದುವೆಯ ಕಾಗದ ಬಂದರೆ, "ಅಪ್ಪಾ, ಮುಹೂರ್ತ ಯಾವ ಶಿಫ್ಟಲ್ಲಿ?" ಎಂದು ಕೇಳುತ್ತಿದ್ದೆ. ಅವರು ನಗುತ್ತಿರಲಿಲ್ಲ. "ಮಸ್ಟರ್‌ನಾಗೆ ಅಂಗೇ ಬರೀತಿದ್ರು ಕಣ್ಲಾ" ಅನ್ನುತ್ತಿದ್ದರು, ಅಷ್ಟೆ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ನನಗೇ ಬೇಕಾಗುತ್ತದೆ.

ಅಕ್ಕತಂಗಿಯರು ಮಾತು ಬಿಟ್ಟವರಲ್ಲ. ಫೋನು ಬಂದ ಮೇಲೆ ಪ್ರತಿ ಭಾನುವಾರ ಮಾತಾಡುತ್ತಾರೆ. ಟೊಮೆಟೊ, ಮಂಡಿನೋವು, ಮೊಮ್ಮಕ್ಕಳ ಮಾರ್ಕ್ಸು, ಅಲ್ಲಿ ರಾಗಿ ಸಿಗದಿರುವುದು, ಇಲ್ಲಿ ಮೀನು ತಾಜಾ ಇಲ್ಲದಿರುವುದು. ಆ ರಾತ್ರಿಯ ಮಾತು ಮಾತ್ರ ಒಬ್ಬರೂ ಎತ್ತಿದ್ದಿಲ್ಲ. ಅಪ್ಪ ಹೋದಾಗ ಚಿಕ್ಕಮ್ಮ ಹೊರಟು ನಿಂತಿದ್ದಳು, ಆ ವಾರ ಹಡಗೇ ಇರಲಿಲ್ಲ. ಒಮ್ಮೆ ನಾನು ಅಮ್ಮನಿಗೆ, ನಾವು ಬಂದಿದ್ದೆವು ಅಂತ ಹೇಳಿಬಿಡಬಾರದಾ ಎಂದು ಕೇಳಿದೆ. "ಫೋನ್‌ನಾಗೆ ಏಳೋ ಮಾತೇನ್ಲಾ ಅದು? ಮುಖ ನೋಡಲ್ಲ ಅಂದೋಳು ನಾನು. ಅವಳೂ ಅಂಗೇ ಅಂದ್ಕೊಂಡಿರ್ತಾಳೆ, ಅಕ್ಕ ಮಾತು ಉಳಿಸ್ಕೊಂಡ್ಳು ಅಂತ. ಮುಖ ನೋಡೇ ಏಳ್ಬೇಕು."

ಹೋದ ವರ್ಷ ಚಿಕ್ಕಮ್ಮ ಬಿದ್ದು ಸೊಂಟದ ಮೂಳೆ ಮುರಿಯಿತು. ಆಪರೇಷನ್ ಆದ ಮೇಲೆ ಬಂದ ಭಾನುವಾರ, "ಅಕ್ಕಾ, ಇನ್ನು ನಂಗೆ ಅಲ್ಲಿಗೆ ಬರಾಕಾಗಲ್ಲ" ಅಂದಳಂತೆ. ಅಮ್ಮ ಫೋನಿಟ್ಟು ಬಹಳ ಹೊತ್ತು ಅಡುಗೆಮನೆಯಲ್ಲೇ ಇದ್ದಳು. ಆಮೇಲೆ ಬಂದು, "ಲೇ ಸೀನ, ನನ್ನ ಅವಳತ್ರ ಕರ್ಕೊಂಡೋಗು" ಅಂದಳು. ಅವಳಿಗೆ ಎಪ್ಪತ್ತಾರು. ಕಿವಿಯ ಆಪರೇಷನ್ ಆಗಿರುವುದರಿಂದ ವಿಮಾನ ಬೇಡ ಅಂತ ಡಾಕ್ಟರು ಹೇಳಿದ್ದಾರೆ. ಉಳಿದದ್ದು ಬಂಗಾರಪೇಟೆಯಿಂದ ಚೆನ್ನೈಗೆ ರೈಲು, ಚೆನ್ನೈಯಿಂದ ಹಡಗು. ಅಷ್ಟೇ ತಾನೆ ಅಂದುಕೊಂಡೆ. ಅಷ್ಟೇ ತಾನೆ ಅಂದುಕೊಂಡು ನಾನು ಕೆಡಿಸಿಕೊಂಡ ಕೆಲಸಗಳ ಪಟ್ಟಿ ಉದ್ದವಿದೆ.

ರೈಲಿನವರು ಎರಡು ತಿಂಗಳು ಮುಂಚೆ ಬುಕಿಂಗ್ ತೆರೆಯುತ್ತಾರೆ. ಬೇಗ ಹೋಗದಿದ್ದರೆ ಬಂಗಾರಪೇಟೆಯಂಥ ನಡುವಿನ ಸ್ಟೇಷನ್ನಿನವರಿಗೆ ವೇಟಿಂಗ್ ಲಿಸ್ಟೇ ಗತಿ. ಹಡಗಿನ ರೀತಿ ಬೇರೆ. ಅದು ಯಾವತ್ತು ಹೊರಡುತ್ತದೆ ಎಂಬುದು ಎರಡು ಮೂರು ವಾರ ಮುಂಚೆ ತಿಳಿದರೆ ಪುಣ್ಯ. ತಿಳಿದ ಮೇಲೂ ಗಾಳಿ ಅಂತಲೋ ರಿಪೇರಿ ಅಂತಲೋ ನಾಲ್ಕು ದಿನ ಜರುಗುತ್ತದೆ. ಸಮುದ್ರದ ವ್ಯವಹಾರ, ಯಾರನ್ನು ಬೈಯುವುದು? ಎರಡನ್ನೂ ಸೇರಿಸಿ ಒಂದು ಟಿಕೆಟ್ಟು ಕೊಡುವವರು ನನಗಂತೂ ಎಲ್ಲೂ ಸಿಗಲಿಲ್ಲ. ಹಡಗಿನ ಸುದ್ದಿ ರೈಲಿಗೆ ಗೊತ್ತಿಲ್ಲ, ರೈಲಿನ ಸುದ್ದಿ ಹಡಗಿಗೆ ಬೇಕಿಲ್ಲ. ಇವೆರಡರ ಜೊತೆಗೆ ನನ್ನ ಕಾರ್ಖಾನೆಯ ರಜೆ, ಪಿಯುಸಿ ಓದುವ ಮಗಳು ಮೇಘಳ ಪರೀಕ್ಷೆ. ಈ ನಾಲ್ಕೂ ಒಂದೇ ದಿನ ಕೂಡಿ ಬರಬೇಕು. ಹೆಣ್ಣು ಗಂಡಿನ ಜಾತಕ ಕೂಡಿಸುವವರು ನನಗಿಂತ ಸುಖವಾಗಿದ್ದಾರೆ.

ನಾನೊಂದು ಉಪಾಯ ಮಾಡಿದೆ. ಹಿಂದಿನ ತಿಂಗಳುಗಳಲ್ಲಿ ಹಡಗು ಹೊರಟ ದಿನಗಳನ್ನು ನೋಡಿ ಅಂದಾಜು ಹಾಕಿ, ಮಂಗಳವಾರಕ್ಕೊಂದು, ಗುರುವಾರಕ್ಕೊಂದು, ಶನಿವಾರಕ್ಕೊಂದು ರೈಲು ಟಿಕೆಟ್ಟು ಮಾಡಿಸುವುದು, ಹಡಗಿನ ದಿನ ತಿಳಿದ ಮೇಲೆ ಬೇಡವಾದದ್ದನ್ನು ರದ್ದು ಮಾಡಿಸುವುದು. ಉಪಾಯ ಕಾಗದದ ಮೇಲೆ ಚೆನ್ನಾಗಿತ್ತು. ಹಡಗು ಸೋಮವಾರ ಹೊರಟಿತು. ಮುಂದಿನ ತಿಂಗಳು ಮತ್ತೆ ಮೂರು ಮಾಡಿಸಿದೆ. ಈ ಸಲ ಅಂದಾಜು ಸರಿಯಾಯಿತು, ಆದರೆ ಹೊರಡುವ ಐದು ದಿನ ಮುಂಚೆ ಹಡಗು ಜರುಗಿತು. ಮೂರನೇ ತಿಂಗಳ ಮೂರೂ ಹಾಗೇ ಹೋದವು. ಬಂಗಾರಪೇಟೆಯ ರಿಸರ್ವೇಷನ್ ಕೌಂಟರಿನ ಮೇಡಂ ಒಳ್ಳೆಯವರು. ಮೂರನೇ ಸಲ ನನ್ನ ಫಾರಂ ತೆಗೆದುಕೊಂಡು, "ಅದೇ ನಾಲ್ಕು ಹೆಸರು. ಏನ್ ಸಾರ್, ವಾರಕ್ಕೊಂದು ಸಲ ಚೆನ್ನೈಗೆ ಹೋಗ್ತೀರಾ?" ಎಂದರು. ಒಂದು ಸಲವೂ ಹೋಗಿಲ್ಲ ಮೇಡಂ ಅಂದೆ. ಆಮೇಲೆ ನನ್ನನ್ನು ಕಂಡಾಗಲೆಲ್ಲ ಅವರು ಕೇಳುತ್ತಿದ್ದುದು ಒಂದೇ ಪ್ರಶ್ನೆ, "ಹಡಗು ಹೊರಡ್ತಾ ಸಾರ್?"

ಇನ್ನೊಂದು ಪೀಕಲಾಟ ಬರ್ತಿನದು. ವಯಸ್ಸಾದವರು ಅಂತ ಅಮ್ಮನಿಗೆ ಕೆಳಗಿನ ಬರ್ತು ಒಂದು ಬೋಗಿಯಲ್ಲಿ ಸಿಗುವುದು, ಮಿಕ್ಕ ಮೂವರಿಗೆ ವೇಟಿಂಗ್ ಲಿಸ್ಟು. "ಅದಕ್ಕೇನಂತೆ, ನಾನೊಬ್ಳೇ ಮುಂದೆ ಓಗಿ ಹಡಗಿನತ್ರ ಕುಂತಿರ್ತೀನಿ, ನೀವು ನಿಧಾನಕ್ಕೆ ಬನ್ನಿ" ಅನ್ನುವುದು ಅಮ್ಮನ ಪರಿಹಾರ. ಪ್ರತಿ ಸಲ ಟಿಕೆಟ್ಟು ಆಯಿತು ಅಂದ ಕೂಡಲೇ ಅವಳು ಅಕ್ಕಿ ನೆನೆಹಾಕುತ್ತಿದ್ದಳು. ಪ್ರತಿ ಸಲ ರದ್ದಾದಾಗಲೂ ಕಜ್ಜಾಯ ನಾವೇ ತಿನ್ನುತ್ತಿದ್ದೆವು. ಮೂರನೇ ಸಲದ ಕಜ್ಜಾಯವನ್ನು ಮೇಘ ಬೇಡ ಅಂದುಬಿಟ್ಟಳು. ಅಮ್ಮ ಅವಳನ್ನು ಬೈಯಲಿಲ್ಲ. "ನಂಗೂ ಬ್ಯಾಡ ಮಗಾ" ಅಂದಳು. ಅವತ್ತು ನನಗೆ ನಿಜವಾಗಿ ಹೆದರಿಕೆಯಾಯಿತು. ರೈಲು ಹಡಗು ಕೂಡಿಸುವುದರೊಳಗೆ ಇಬ್ಬರಲ್ಲಿ ಯಾರಾದರೂ ಒಬ್ಬರಿಗೆ ಏನಾದರೂ ಆದರೆ, ಆ ಮಾತು ಹಾಗೇ ಉಳಿದುಹೋಗುತ್ತದಲ್ಲ ಎಂದು.

ನಾಲ್ಕನೇ ಸಲ ಹಡಗು ಶನಿವಾರಕ್ಕೆ ಗೊತ್ತಾಯಿತು. ಬೆಳಗ್ಗೆ ಎಂಟಕ್ಕೆ ಬಂದರಿನಲ್ಲಿರಬೇಕು. ಹಡಗಿನ ಟಿಕೆಟ್ಟನ್ನು ಮಾಡಿಕೊಟ್ಟವನು ಸೆಲ್ವಂ, ನನ್ನ ಜೊತೆ ಐಟಿಐ ಓದಿದವನು, ಬಂಗಾರಪೇಟೆಯ ಸ್ಟೇಷನ್ ರಸ್ತೆಯಲ್ಲಿ ಜೆರಾಕ್ಸ್ ಅಂಗಡಿ ಇಟ್ಟಿದ್ದಾನೆ. ತಮಿಳು, ತೆಲುಗು, ಕನ್ನಡ ಮೂರನ್ನೂ ಒಂದೇ ಉಸಿರಿನಲ್ಲಿ ಆಡುತ್ತಾನೆ. ಮಲಗುವ ಬಂಕುಗಳು ನಾಲ್ಕು ಸಿಕ್ಕವು. ರೈಲು ಮಾತ್ರ ಹಗಲಿನವೆಲ್ಲ ಭರ್ತಿ. ರಾತ್ರಿ ಹನ್ನೆರಡು ನಲವತ್ತರ ಗಾಡಿಯಲ್ಲಿ ನಾಲ್ಕು ಸೀಟು ತೋರಿಸುತ್ತಿತ್ತು, ಅದೂ ಒಂದೇ ಬೋಗಿಯಲ್ಲಿ. ಕುಣಿದಾಡುವಂತಾಯಿತು. ಕಾರ್ಖಾನೆಯಲ್ಲಿ ನನಗೆ ಆ ವಾರ ಮೂರನೇ ಶಿಫ್ಟು. ಬೆಳಗ್ಗೆ ಕೆಲಸ ಮುಗಿಸಿ, ಶುಕ್ರವಾರದ ಶಿಫ್ಟಿನಿಂದ ರಜೆ ಎಂದು ಅರ್ಜಿ ಬರೆದುಕೊಟ್ಟು, ನಿದ್ದೆಗಣ್ಣಿನಲ್ಲೇ ಕೌಂಟರಿಗೆ ಹೋಗಿ, ಆ ಅರ್ಜಿಯಲ್ಲಿದ್ದ ತಾರೀಕನ್ನೇ ರೈಲಿನ ಫಾರಮಿನಲ್ಲೂ ಬರೆದೆ. ಮೇಡಂ ಅವತ್ತು ರಜೆಯಲ್ಲಿದ್ದರು. ಬೇರೆಯವರು ನಾನು ಬರೆದದ್ದನ್ನು ಬರೆದ ಹಾಗೆ ಕೊಟ್ಟರು.

ನಿಮಗೆ ಆಗಲೇ ಗೊತ್ತಾಗಿರುತ್ತದೆ. ನನಗೆ ಗೊತ್ತಾದದ್ದು ಶುಕ್ರವಾರ ಬೆಳಗ್ಗೆ ಒಂಬತ್ತು ಗಂಟೆಗೆ, ಹಡಗಿನ ಟಿಕೆಟ್ಟಿನ ಪ್ರಿಂಟು ತೆಗೆಸಲು ಸೆಲ್ವಂ ಅಂಗಡಿಗೆ ಹೋದಾಗ. ಅವನು ರೈಲಿನ ಟಿಕೆಟ್ಟನ್ನೂ ಜೊತೆಗೆ ಪಿನ್ನು ಮಾಡೋಣ ಅಂತ ತೆಗೆದುಕೊಂಡು, ನೋಡಿ, ಕನ್ನಡಕ ಹಾಕಿಕೊಂಡು ಇನ್ನೊಂದು ಸಲ ನೋಡಿದ.

"ಡೇಯ್ ಸೀನಾ, ಇದು ಇವತ್ತಿನ ತಾರೀಕಲ್ವಾ?"

"ಊಂ. ಇವತ್ತು ರಾತ್ರಿ ತಾನೇ ಓಗ್ತಿರೋದು."

"ಅಯ್ಯೋ, ಇವತ್ತು ರಾತ್ರಿ ಹನ್ನೆರಡು ದಾಟಿದ್ರೆ ನಾಳೆ ಆಗ್ಬಿಡುತ್ತಲ್ಲಪ್ಪಾ! ಈ ಟ್ರೈನು ನಿನ್ನೆ ರಾತ್ರಿ ನೀನು ಫ್ಯಾಕ್ಟರೀಲಿ ಡ್ಯೂಟಿ ಮಾಡ್ತಿದ್ದಾಗ್ಲೇ ಓಯ್ತು. ಮೈನ್ಸ್ ಬುದ್ಧಿ ಬಿಡಲಿಲ್ಲ ಪಾರು, ನೋಡು, ನಿನ್ನ!"

ಅವನ ಅಪ್ಪನೂ ಗಣಿಯವರೇ, ಆದ್ದರಿಂದ ವಿವರಿಸಿ ಹೇಳುವ ಕಷ್ಟ ತಪ್ಪಿತು. ನಾನು ಅಂಗಡಿಯ ಸ್ಟೂಲಿನ ಮೇಲೆ ಕೂತೆ. ಇಷ್ಟು ವರ್ಷ ಅಪ್ಪನನ್ನು ರೇಗಿಸಿದ್ದೆಲ್ಲ ಒಂದೊಂದಾಗಿ ನೆನಪಾಯಿತು. ಅವರು ಎದುರಿಗಿದ್ದಿದ್ದರೆ ಕಾಲು ಹಿಡಿಯುತ್ತಿದ್ದೆ. ಮಸ್ಟರಿನಲ್ಲಿ ಹಾಗೇ ಬರೆಯುತ್ತಾರೆ ಅಪ್ಪಾ, ನಿಜ, ಇವತ್ತಿಗೂ ಹಾಗೇ ಬರೆಯುತ್ತಾರೆ.

ಮನೆಗೆ ಫೋನು ಮಾಡಿದೆ. ಶಾರದ ಪೂರಾ ಕೇಳಿ, "ಅತ್ತೇರಿಗೆ ನೀವೇ ಏಳಿ" ಅಂತ ಫೋನು ಕೊಟ್ಟುಬಿಟ್ಟಳು. ಅಮ್ಮನಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಅಳುತ್ತಾಳೆ ಅಂದುಕೊಂಡೆ.

"ಹಡಗು ಓಗ್ಬಿಡ್ತಾ?" ಅಂದಳು.

"ಇಲ್ಲಮ್ಮ, ಹಡಗು ನಾಳೆ. ರೈಲು ಒಂದೇ ಓಗಿರೋದು."

"ಅಂಗಾದ್ರೆ ಅಲ್ಲೇ ನಿಂತ್ಕೋ, ನಾವು ಆಟೋದಾಗೆ ಬತ್ತೀವಿ. ಬೇರೆ ರೈಲು ಇಲ್ವಾ? ನೆಲದ ಮೇಲೆ ಕುಂತ್ಕೊಂಡಾದ್ರೂ ಓಗಾನ." ಆಮೇಲೆ, "ನಿಮ್ಮಪ್ಪನ ಮಗ ಕಣ್ಲಾ ನೀನು" ಅಂದಳು. ಬೈಗುಳವೋ ಮೆಚ್ಚುಗೆಯೋ ನನಗೆ ತಿಳಿಯಲಿಲ್ಲ, ಈಗಲೂ ಕೇಳಿಲ್ಲ.

ಮಧ್ಯಾಹ್ನದ ರೈಲಿನ ಜನರಲ್ ಬೋಗಿಯಲ್ಲಿ ಹೊರಟೆವು. ಎರಡು ತಿಂಗಳ ಮುಂಗಡ, ಮೂರು ಮೂರು ಟಿಕೆಟ್ಟು, ಕೆಳಗಿನ ಬರ್ತು ಎಂದೆಲ್ಲ ಒದ್ದಾಡಿ ಕೊನೆಗೆ ಹತ್ತು ನಿಮಿಷ ಮುಂಚೆ ಕೊಂಡ ಟಿಕೆಟ್ಟಿನಲ್ಲಿ ಹೋದದ್ದು. ಗುಡುಪಲ್ಲಿಯ ಹೆಂಗಸೊಬ್ಬರು ತಮ್ಮ ಮೊಮ್ಮಗನನ್ನು ತೊಡೆಗೆಳೆದುಕೊಂಡು, "ಕೂಸೋ ಅಮ್ಮ" ಅಂತ ತೆಲುಗಿನಲ್ಲಿ ಕೂರಲು ಕರೆದು ಅಮ್ಮನಿಗೆ ಕಿಟಕಿಯ ಪಕ್ಕ ಜಾಗ ಮಾಡಿಕೊಟ್ಟರು. ನಾನು ಬಾಗಿಲ ಬಳಿ ನಿಂತೆ. ಅಮ್ಮ ಗುಲಾಬಿ ಡಬ್ಬಿಯನ್ನು ಮಡಿಲಿನಲ್ಲಿಟ್ಟುಕೊಂಡು ಎರಡೂ ಕೈಯನ್ನು ಮುಚ್ಚಳದ ಮೇಲಿಟ್ಟಿದ್ದಳು. ಮೇಘ ಹಸಿವು ಅಂದಾಗ ಕಡಲೆಕಾಯಿ ಕೊಡಿಸಿದಳೇ ಹೊರತು ಡಬ್ಬಿಯ ದಾರ ಬಿಚ್ಚಲಿಲ್ಲ. ಸಂಜೆ ಚೆನ್ನೈ ಮುಟ್ಟಿ, ಛತ್ರವೊಂದರಲ್ಲಿದ್ದು, ಬೆಳಗ್ಗೆ ಏಳಕ್ಕೇ ಬಂದರಿನ ಬಾಗಿಲಿಗೆ ಹೋದೆವು. ಒಳಗೆ ಬಿಡುವವರೇ ಇನ್ನೂ ಬಂದಿರಲಿಲ್ಲ.

ಹಡಗಿನ ಮೂರು ದಿನದ ಬಗ್ಗೆ ಹೇಳುವುದು ಹೆಚ್ಚಿಲ್ಲ, ಏಕೆಂದರೆ ಎರಡು ದಿನ ನಾನು ವಾಂತಿ ಮಾಡಿಕೊಳ್ಳುತ್ತ ಬಂಕಿನಲ್ಲೇ ಬಿದ್ದಿದ್ದೆ. ಅಪ್ಪ ದಿನಾ ಪಂಜರದಂಥ ಲಿಫ್ಟಿನಲ್ಲಿ ಪಾತಾಳಕ್ಕೆ ಇಳಿದು ಹತ್ತಿದವರು, ಅವರ ಮಗನಿಗೆ ಅಷ್ಟು ಅಲ್ಲಾಡಿದ್ದು ತಡೆಯಲಿಲ್ಲ. ಅಮ್ಮನಿಗೆ ಏನೂ ಆಗಲಿಲ್ಲ. ಮೇಘಳ ಕೈ ಹಿಡಿದು ಮೇಲೆ ಹೋಗಿ ನೀರು ನೋಡುತ್ತ ಕೂರುತ್ತಿದ್ದಳಂತೆ. ಬೇತಮಂಗಲದ ಕೆರೆಯ ನಾಲ್ಕರಷ್ಟು ಅಂತ ನಾನಂದುಕೊಂಡಿದ್ದನ್ನು ಅಮ್ಮನಿಗೆ ಹೇಳಿದೆ. "ಇನ್ನೂ ಒಂದೆರಡು ಸೇರಿಸ್ಕೋ" ಅಂದಳು.

ಪೋರ್ಟ್ ಬ್ಲೇರಿನಲ್ಲಿ ಚಿಕ್ಕಮ್ಮನ ಮಗ ಮುರಳಿ ಬಂದು ಕರೆದೊಯ್ದ. ಏರು ರಸ್ತೆ, ತಗಡಿನ ಮಾಡಿನ ಮನೆ, ಮುಂದೆ ಒಂದು ನುಗ್ಗೆ ಮರ. ಚಿಕ್ಕಮ್ಮ ಬಾಗಿಲಲ್ಲಿ ವಾಕರ್ ಹಿಡಿದು ನಿಂತಿದ್ದಳು, ಹಿಂದೆ ಚಿಕ್ಕಪ್ಪ. ಬೆಂಚಿನ ಮೇಲೆ ಕೂತು ರೈಲು ತೋರಿಸುತ್ತಿದ್ದ ಚಿಕ್ಕಮ್ಮನಿಗೆ ಕೂದಲೆಲ್ಲ ಬಿಳಿಯಾಗಿತ್ತು. ಅಮ್ಮ ಮೂರು ಮೆಟ್ಟಿಲು ಹತ್ತಿ, ಅವಳೆದುರು ನಿಂತು, ಮುಖವನ್ನೇ ನೋಡಿದಳು. ಬೇರೆಯವರಾದರೆ ಚೆನ್ನಾಗಿದ್ದೀಯಾ ಅಂತ ಶುರು ಮಾಡುತ್ತಿದ್ದರು.

"ನಾನು ಬಂದಿದ್ದೆ ಕಣೇ ರತ್ನಿ. ಮಾರನೇ ರಾತ್ರಿ ಬಂದಿದ್ದೆ. ಇದೇ ಡಬ್ಬಿ ಇಡ್ಕೊಂಡು ನಿಂತಿದ್ದೆ. ನಿಮ್ ಭಾವ ತಾರೀಕು ತಪ್ಪು ತಿಳ್ಕೊಂಡ್ರು."

ಚಿಕ್ಕಮ್ಮ ವಾಕರನ್ನು ಒಂದು ಹೆಜ್ಜೆ ಮುಂದಕ್ಕೆ ತಂದಳು. "ಗೊತ್ತು ಅಕ್ಕಾ."

"ಯಾರೇಳಿದ್ರು?"

"ಯಾರೂ ಏಳ್ಲಿಲ್ಲ. ರೈಲು ಕುಪ್ಪಂ ದಾಟ್ದಾಗ ಇವ್ರು ಕೇಳಿದ್ರು, ರತ್ನಾ, ಕಾರ್ಡ್‌ನಾಗೆ ರೈಲ್ನೋರ ತಾರೀಕು ಬರ್ದ್ಯಾ, ಮೈನ್ಸಿನ ತಾರೀಕು ಬರ್ದ್ಯಾ ಅಂತ. ನನ್ನೆದೆ ಧಸಕ್ ಅಂತು. ಟಿಕೀಟ್‌ನಾಗೆ ಇದ್ದಂಗೇ ಬರ್ದಾಕಿದ್ದೆ. ಭಾವ ಎಂಗೆ ಓದ್ತಾರೆ ಅಂತ ನಂಗೊತ್ತಾಗ್ಬೇಕಿತ್ತು, ನಾನೂ ಮೈನ್ಸಿನೋಳೇ ಅಲ್ವಾ? ಅಕ್ಕ ನಾಳೆ ಬಂದು ನಿಂತ್ಕೋತಾಳೆ, ನಾನಿರಲ್ಲ ಅಂತ ಅಳ್ತಾನೇ ಓದೆ. ಒಂದು ದಿನ ಇಂದಕ್ಕೆ ಬರೀಬೇಕಾಗಿತ್ತು. ತಪ್ಪು ನಂದೇ ಅಕ್ಕಾ. ನಾಚಿಕೆಗೆ ಫೋನ್‌ನಾಗೆ ಏಳಾಕೆ ಆಗ್ಲಿಲ್ಲ."

ಅಮ್ಮ ಡಬ್ಬಿಯನ್ನು ನನ್ನ ಕೈಗೆ ಕೊಟ್ಟು, ಎರಡೂ ಕೈಯಿಂದ ತಂಗಿಯ ಕೆನ್ನೆ ಹಿಡಿದುಕೊಂಡಳು. ಇಪ್ಪತ್ತು ವರ್ಷಕ್ಕೂ ಮೇಲೆ, ಪ್ರತಿ ಭಾನುವಾರ ಟೊಮೆಟೊ ಮಾತಾಡಿಕೊಂಡು, ಇಬ್ಬರೂ ತಪ್ಪು ತನ್ನದೇ ಅಂತ ಸುಮ್ಮನಿದ್ದರು. ನನಗೆ ತಡೆಯಲಾಗಲಿಲ್ಲ, ಸಾಮಾನು ಇಳಿಸುವ ನೆಪದಲ್ಲಿ ಆಚೆ ಬಂದು ನುಗ್ಗೆ ಮರದ ಕೆಳಗೆ ನಿಂತು ಅತ್ತೆ. ಒಳಗೆ ಬಂದಾಗ ಡಬ್ಬಿಯ ದಾರ ಬಿಚ್ಚಿತ್ತು. ಚಿಕ್ಕಮ್ಮ ಎರಡನೇ ಕಜ್ಜಾಯ ತಿನ್ನುತ್ತ, ಬೆಲ್ಲ ಸ್ವಲ್ಪ ಕಡಿಮೆಯಾಯಿತು ಅನ್ನುತ್ತಿದ್ದಳು. ಅಮ್ಮ ಜಗಳಕ್ಕೆ ನಿಂತಿದ್ದಳು.

ಹದಿಮೂರು ದಿನ ಇದ್ದೆವು. ಬರುವ ಹಡಗಿಗೆ, ಅದಕ್ಕೆ ಹೊಂದುವ ಚೆನ್ನೈ ರೈಲಿಗೆ ಟಿಕೆಟ್ಟು ಮಾಡಿಸಿದ್ದೆ, ಈ ಸಲ ಹಗಲಿನ ರೈಲು, ತಾರೀಕನ್ನು ಶಾರದಳಿಂದ ಎರಡು ಸಲ ಓದಿಸಿದ್ದೆ. ಹೊರಡುವ ಹಿಂದಿನ ದಿನ, ಎಲ್ಲರೂ ಊಟಕ್ಕೆ ಕೂತಿದ್ದಾಗ ಫೋನಿಗೆ ಸಂದೇಶ ಬಂತು. ಹಡಗು ಒಂದು ದಿನ ಮುಂದಕ್ಕೆ ಹೋಗಿದೆ. ನಾನು ತುತ್ತು ಕೆಳಗಿಟ್ಟು, ಅಯ್ಯೋ ರೈಲು ಟಿಕೆಟ್ಟು ಮತ್ತೆ ರದ್ದು ಮಾಡಬೇಕು, ವೇಟಿಂಗ್ ಲಿಸ್ಟಿಗೆ ಬೀಳುತ್ತೇವೆ, ಮೇಘಳ ಕಾಲೇಜು, ನನ್ನ ರಜೆ ಎಂದು ಶುರು ಮಾಡಿದೆ.

ಅಕ್ಕತಂಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಮ್ಮ ನನ್ನ ತಟ್ಟೆಗೆ ಇನ್ನಷ್ಟು ಸಾರು ಹಾಕಿದಳು.

"ಒಂದೇ ಒಂದು ದಿನಾನಾ?" ಅಂದಳು. "ಹಡಗಿನ ಆಫೀಸ್‌ನಾಗೂ ಯಾರೋ ನಮ್ ಮೈನ್ಸಿನೋರು ಅವ್ರೆ ಕಣ್ಲಾ. ಸುಮ್ನೆ ಉಣ್ಣು."

ಆ ಡಬ್ಬಿಯನ್ನು ಖಾಲಿ ಕೊಡಬಾರದು ಅಂತ ಚಿಕ್ಕಮ್ಮ ಕೊಬ್ಬರಿ ಮಿಠಾಯಿ ತುಂಬಿ ಕೊಟ್ಟಳು. ಅದು ಚೆನ್ನೈ ಬರುವುದರೊಳಗೆ ಮುಗಿಯಿತು. ಮನೆಯಲ್ಲಿ ನಾನು ಕೂಡಿಟ್ಟಿದ್ದ ಹತ್ತು ಚೀಟಿಗಳ ಜೊತೆ ರದ್ದಾದ ಈ ಹನ್ನೊಂದನೆಯದನ್ನೂ ಅದರೊಳಗೆ ಇಟ್ಟವಳು ಅಮ್ಮನೇ.